ಬೋಗನ್‌ವಿಲ್ಲಾ ಬೇಲಿನ ನೀವೇ ಕತ್ತರಿಸೋಕೆ ಹೋಗೋ ಮುಂಚೆ ಒಂದ್ಸಲ ಇದನ್ನ ಓದ್ಬಿಡಿ

ಪೂರ್ತಿ ಓದೋಕೆ ಟೈಮ್ ಇಲ್ಲದೋರಿಗೆ ಮೊದಲೇ ಹೇಳ್ಬಿಡ್ತೀನಿ. ಬೆರಳಿನ ಗೆಣ್ಣಿನ ಹತ್ರ ಮುಳ್ಳು ಚುಚ್ಚಿ, ವಾರ ಕಳೆದ್ರೂ ಊತ ಇಳೀದೇ ಇದ್ರೆ, ಎಕ್ಸ್‌ರೇಲಿ ಏನೂ ಇಲ್ಲ ಅಂದ್ರು ಅಂತ ಸುಮ್ನೆ ಕೂರ್ಬೇಡಿ. ಗಿಡದ ಮುಳ್ಳು ಎಕ್ಸ್‌ರೇಲಿ ಸಾಮಾನ್ಯವಾಗಿ ಕಾಣೋದೇ ಇಲ್ಲ. ಇದೊಂದು ವಿಷ್ಯ ಗೊತ್ತಿಲ್ದೆ ನಾನು ಐದು ವಾರ ಒದ್ದಾಡಿದೀನಿ.

ನಮ್ದು ಮೈಸೂರಲ್ಲಿ ಹಳೇ ಕಾಲದ ಮನೆ, ಮುಂದಿನ ಕಾಂಪೌಂಡ್ ಉದ್ದಕ್ಕೂ ಅಪ್ಪ ಹಾಕಿದ್ದ ರಾಣಿ ಕಲರ್ ಬೋಗನ್‌ವಿಲ್ಲಾ. ನೋಡೋಕೆ ಚಂದ, ದಾರೀಲಿ ಹೋಗೋರು ನಿಂತು ಫೋಟೋ ಹೊಡ್ಕೊಂಡು ಹೋಗ್ತಾರೆ, ಆದ್ರೆ ಜೂನ್ ಮಳೆ ಶುರುವಾದ್ರೆ ಇದನ್ನ ಹಿಡಿಯೋರಿಲ್ಲ, ಎರಡು ವರ್ಷ ಯಾರೂ ಕೈ ಹಾಕಿರಲಿಲ್ಲ ಬೇರೆ, ಫುಟ್‌ಪಾತ್ ಪೂರ್ತಿ ಮುಚ್ಚಿ, ಕಂಬದಿಂದ ಮನೆಗೆ ಬರೋ ಕರೆಂಟ್ ವೈರನ್ನೂ ತಬ್ಕೊಂಡು ಕೂತಿತ್ತು. ಹೋದ ವರ್ಷ ದಸರಾಗೆ ಎರಡು ವಾರ ಇದೆ ಅನ್ನುವಾಗ ಅಮ್ಮ ಶುರು ಮಾಡಿದ್ರು, ಬೆಂಗಳೂರಿಂದ ಚಿಕ್ಕಮ್ಮನ ಮನೆಯವ್ರೆಲ್ಲ ಬರ್ತಾರೆ, ಗೇಟ್ ತೆಗ್ಯೋಕೂ ಆಗಲ್ಲ, ಏನಾದ್ರೂ ಮಾಡೋ ಅಂತ. ಗಿಡದ ಕೆಲಸ ಮಾಡೋ ಒಬ್ರನ್ನ ಕೇಳಿದ್ರೆ 1,800 ಅಂದ್ರು. ನಾನು ಮಹಾ ಬುದ್ಧಿವಂತ, ಅರ್ಧ ದಿನದ ಕೆಲಸಕ್ಕೆ ಅಷ್ಟಾ ಅಂದ್ಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ದೊಡ್ಡ ಕತ್ತರಿ, ಒಂದು ಜೊತೆ ಬಿಳಿ ನೂಲಿನ ಗ್ಲೌಸ್ ತಂದೆ. ಕಾಲಿಗೆ ಹವಾಯಿ ಚಪ್ಪಲಿ. ದಾರೀಲಿ ಹೋಗೋ ಮಾರೀನ ಮನೆಗೆ ಕರೆಯೋದು ಅಂದ್ರೆ ಇದೇ ನೋಡಿ.

ಈ ಗಿಡದ ಮುಳ್ಳನ್ನ ಹತ್ರದಿಂದ ನೋಡಿದೀರಾ? ಎಲೆ ಕಾಂಡಕ್ಕೆ ಸೇರೋ ಜಾಗದಲ್ಲೇ ಹುಟ್ಟುತ್ತೆ, ಎಲೆ ಮರೇಲಿ ಇರೋದ್ರಿಂದ ಕಣ್ಣಿಗೆ ಬೀಳಲ್ಲ. ತುದಿ ಕಪ್ಪಗಿರುತ್ತೆ. ಎಳೇ ಬಳ್ಳೀಲಿ ಇರೋದು ಬಗ್ಗುತ್ತೆ, ಬಲಿತ ಕೊಂಬೇಲಿ ಇರೋದು ಹಾಗಲ್ಲ, ಚುಚ್ಚಿದ ಮೇಲೆ ಕೈ ಎಳ್ಕೊಂಡ್ರೆ ತುದಿ ಒಳಗೇ ಉಳ್ಕೊಂಡು ಬುಡ ಮಾತ್ರ ಆಚೆ ಬರುತ್ತೆ. ಪೊದೆ ಒಳಗೆ ಕೈ ಹೋಗುವಾಗ ಏನೂ ಅನ್ಸಲ್ಲ ರೀ, ವಾಪಸ್ ಎಳ್ಕೊಳ್ಳುವಾಗ ಎಲ್ಲಾ ಕಡೆಯಿಂದ ಒಟ್ಟಿಗೇ ಹಿಡ್ಕೊಳುತ್ತೆ. ನೂಲಿನ ಗ್ಲೌಸ್ ಅಂತೂ ಇನ್ನೂ ಅನಾಹುತ, ಮುಳ್ಳು ನೂಲಿಗೆ ಸಿಕ್ಕಾಕ್ಕೊಂಡು ಕೈ ಬಿಡ್ಸೋದೇ ಒಂದು ಕೆಲಸ ಆಗೋಯ್ತು.

ಮೊದಲ ಏಟು ಬಿದ್ದಿದ್ದು ಮುಖಕ್ಕೆ. ಬಗ್ಗಿಕೊಂಡಿದ್ದ ಒಂದು ಉದ್ದ ಕೊಂಬೇನ ಬುಡದಲ್ಲಿ ಕತ್ತರಿಸಿದೆ, ಅದು ಇನ್ನೊಂದರ ಅಡಿ ಸಿಕ್ಕಾಕ್ಕೊಂಡು ಬಿಲ್ಲಿನ ಥರ ಬಿಗಿಯಾಗಿ ಕೂತಿದೆ ಅಂತ ನಂಗೆ ಗೊತ್ತಾಗ್ಲಿಲ್ಲ, ಕತ್ತರಿಸಿದ್ದೇ ತಡ ಚಾವಟಿ ಥರ ಬೀಸಿ ಬಂದು ಎಡಗಣ್ಣಿನ ರೆಪ್ಪೆ ಮೇಲಿಂದ ಕಿವಿವರೆಗೆ ಗೀರಿಬಿಡ್ತು. ಕಣ್ಣು ಮುಚ್ಕೊಂಡಿದ್ದೆ, ಉಳ್ಕೊಂಡೆ. ಇದನ್ನ ಆಮೇಲೆ ಡಾಕ್ಟರಿಗೆ ಹೇಳಿದಾಗ ಅವ್ರು ಕೈ ನೋಡೋದು ಬಿಟ್ಟು ಕಣ್ಣಿನ ಬಗ್ಗೆನೇ ಐದು ನಿಮಿಷ ಬೈದ್ರು. ಗಿಡದ ಕಡ್ಡಿ, ಎಲೆ, ಮುಳ್ಳು ಕಣ್ಣಿನ ಕರಿಗುಡ್ಡೆಗೆ ತಾಗಿದ್ರೆ ಫಂಗಸ್ ಇನ್‌ಫೆಕ್ಷನ್ ಆಗಿ ಹುಣ್ಣಾಗ್ಬಹುದಂತೆ, ನಾವು ಮೆಡಿಕಲ್ ಶಾಪಲ್ಲಿ ಕೇಳಿ ಯಾವುದೋ ಡ್ರಾಪ್ಸ್ ಹಾಕ್ಕೋತೀವಿ, ಅದ್ರಲ್ಲಿ ಸ್ಟೆರಾಯ್ಡ್ ಇದ್ರೆ ಫಂಗಸ್ಸಿಗೆ ಹಬ್ಬ, ಹುಣ್ಣು ಇನ್ನೂ ಜಾಸ್ತಿಯಾಗುತ್ತೆ. ಕಣ್ಣಿಗೆ ತಾಗಿದ್ರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಅದಕ್ಕಿಂತ ಮುಂಚೆ ನೂರು ರೂಪಾಯಿದೋ ಇನ್ನೂರು ರೂಪಾಯಿದೋ ಒಂದು ಪ್ಲಾಸ್ಟಿಕ್ ಕನ್ನಡಕ ತಗೊಳ್ಳಿ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಏಣಿ ಹತ್ತಿ ವೈರ್ ಹತ್ರದ್ದನ್ನ ಕತ್ತರಿಸೋಕೆ ಹೊರಟಾಗ ಎದುರು ಮನೆ ಅಂಕಲ್ ಓಡಿ ಬಂದು ಇಳಿಸಿದ್ರು, ಅವ್ರಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ. ಹಸಿ ಕೊಂಬೆ, ಕೈಯಲ್ಲಿ ಕಬ್ಬಿಣದ ಕತ್ತರಿ, ಹಳೇ ವೈರಿನ ರಬ್ಬರ್ ಎಲ್ಲೆಲ್ಲಿ ಕಿತ್ತಿದೆಯೋ ಯಾರಿಗೆ ಗೊತ್ತು. ಕರೆಂಟ್ ಕಂಪ್ಲೇಂಟ್ ನಂಬರ್ 1912ಗೆ ಫೋನ್ ಮಾಡಿ ಹೇಳಿದ್ರೆ ಲೈನ್‌ಮನ್ ಬಂದು ಲೈನ್ ಆಫ್ ಮಾಡಿಕೊಡ್ತಾರೆ, ಎರಡು ದಿನ ಕಾಯಬೇಕಾಯ್ತು, ಕಾದ್ರೆ ಏನೂ ಗಂಟು ಹೋಗಲ್ಲ.

ಕೆಳಗಿಳಿದು ಬುಡದ ಕಸ ಎಳೀತಾ ಇದ್ದಾಗ್ಲೇ ಬಲಗೈ ನಡುಬೆರಳಿನ ಮಧ್ಯದ ಗೆಣ್ಣಿಗೆ ಚುಚ್ಚಿದ್ದು. ಒಂದು ತೊಟ್ಟು ರಕ್ತ. ಅಷ್ಟೇ. ಅವತ್ತು ಕೈಮೇಲೆ ನಲವತ್ತು ಗೀರು ಇದ್ವು, ಅದರಲ್ಲಿ ಇದೇ ತೀರಾ ಚಿಕ್ಕದು. ನಲ್ಲಿ ಕೆಳಗೆ ತೊಳೆದೆ, ಅರಿಶಿನ ಮೆತ್ತಿದ್ರು ಅಮ್ಮ, ಟಿಟಿ ಕೂಡ ಹಾಕಿಸ್ಕೊಳ್ಳಲಿಲ್ಲ. ಕೊನೇದಾಗಿ ಹಾಕಿಸಿದ್ದು ಯಾವಾಗ ಅಂತ ಯೋಚನೆ ಮಾಡಿದ್ರೆ ಬೈಕಿಂದ ಬಿದ್ದಾಗ, ಹನ್ನೆರಡು ವರ್ಷದ ಹಿಂದೆ. ಮಣ್ಣು ಮೆತ್ತಿರೋ ಗಾಯಕ್ಕೆ ಐದು ವರ್ಷ ಆಗಿದ್ರೇ ಮತ್ತೆ ಹಾಕಿಸ್ಬೇಕಂತೆ.

ಮೂರನೇ ದಿನ ಬೆರಳು ಬಾಳೆಹಣ್ಣಿನ ಥರ ಊದಿಕೊಳ್ತು. ಹತ್ತಿರದ ಕ್ಲಿನಿಕ್ಕಲ್ಲಿ ಇಂಜೆಕ್ಷನ್, ಐದು ದಿನದ ಆಂಟಿಬಯಾಟಿಕ್, ಎಕ್ಸ್‌ರೇ. ಎಕ್ಸ್‌ರೇ ಕ್ಲಿಯರ್, ಏನೂ ಇಲ್ಲ ಅಂದ್ರು. ಊತ ಇಳೀತು, ಮಾತ್ರೆ ಮುಗಿದ ನಾಲ್ಕು ದಿನಕ್ಕೆ ವಾಪಸ್ ಬಂತು. ಮತ್ತೆ ಮಾತ್ರೆ, ಮತ್ತೆ ಇಳೀತು, ಮತ್ತೆ ಬಂತು. ಈ ಮಧ್ಯೆ ಊರಿಂದ ಅಜ್ಜಿ ಫೋನಲ್ಲಿ ಎಕ್ಕದ ಹಾಲು ಬಿಡು, ಮುಳ್ಳು ತಾನಾಗೇ ಮೇಲೆ ಬರುತ್ತೆ ಅಂದ್ರು, ಚಿಕ್ಕಂದಿನಲ್ಲಿ ಅಂಗಾಲಿಗೆ ಎಷ್ಟು ಸಲ ಬಿಟ್ಟಿಲ್ಲ, ಅದನ್ನೂ ಮಾಡ್ದೆ. ಚರ್ಮ ಬೆಂದಂಗೆ ಆಗಿದ್ದು ಬಿಟ್ರೆ ಏನೂ ಬರ್ಲಿಲ್ಲ. ಅಜ್ಜಿ ಔಷಧಿನ ಹಂಗಿಸ್ತಿಲ್ಲ, ಆದ್ರೆ ಆ ಹಾಲು ಹತ್ತಿದ ಕೈ ಕಣ್ಣಿಗೆ ತಾಗಿದ್ರೆ ಜಾಸ್ತಿ ಉರೀನೂ ಇಲ್ಲದೆ ದೃಷ್ಟಿ ಮಂಜಾಗಿಬಿಡಬಹುದು, ಹುಷಾರು.

ಹಬ್ಬದ ಊಟ ಹೇಗಿತ್ತು ಅಂತ ಹೇಳ್ಬೇಕು. ನಡುಬೆರಳು ಮಡಚೋಕೆ ಆಗ್ದೆ ಇದ್ರೆ ಅನ್ನ ಸಾರು ಕಲಸೋಕೆ ಆಗಲ್ಲ, ಇದು ಅವತ್ತಿನವರೆಗೂ ನಂಗೆ ಗೊತ್ತಿರಲಿಲ್ಲ. ಇಪ್ಪತ್ತು ಜನ ಎಲೆ ಮುಂದೆ ಕೂತಿದಾರೆ, ನಾನೊಬ್ಬ ಹೋಳಿಗೆನ ಸ್ಪೂನಲ್ಲಿ ಕುಯ್ಕೊಂಡು ತಿಂತಿದೀನಿ. ಆಯುಧಪೂಜೆಗೆ ಅಮ್ಮ ಗಾಡಿ, ಮಿಕ್ಸಿ ಜೊತೆ ಆ ಹೊಸಾ ಕತ್ತರಿನೂ ಇಟ್ಟು ಕುಂಕುಮ ಹಚ್ಚಿದ್ರು. ಚಿಕ್ಕಪ್ಪ ನನ್ನ ಬೆರಳಿಗೂ ಒಂದು ಬೊಟ್ಟು ಇಡಿ ಅತ್ತಿಗೆ ಅಂದ್ರು.

ಹಬ್ಬ ಮುಗಿದ ಮೇಲೆ ಕೈ ಸರ್ಜರಿ ಮಾಡೋ ಡಾಕ್ಟರ್ ಹತ್ರ ಹೋದೆ. ಅವ್ರು ಹಿಂದಿನ ಚೀಟಿಗಳನ್ನ ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ, ಏನಾದ್ರೂ ಮುಳ್ಳು ಚುಚ್ಚಿತ್ತಾ? ಹೌದು ಅಂದೆ. ಆಗ ಗೊತ್ತಾಗಿದ್ದು, ಮುಳ್ಳಿನ ಚೂರು ಕೀಲಿನ ಒಳಗೆ ಕೂತ್ರೆ ಕೀಲಿನ ಒಳಪೊರೆ ಊದ್ಕೊಂಡೇ ಇರುತ್ತಂತೆ, ಮಾತ್ರೆಗೆ ಒಂಚೂರು ಅಡಗುತ್ತೆ, ಚೂರು ಒಳಗಿರೋವರೆಗೂ ಪೂರ್ತಿ ಹೋಗಲ್ಲ. ಅಲ್ಟ್ರಾಸೌಂಡ್ ಮಾಡಿಸಿದ್ರು. ಹೊಟ್ಟೆಗೆ ಮಾಡೋ ಅದೇ ಸ್ಕ್ಯಾನು, ಬೆರಳಿಗೆ ಜೆಲ್ ಹಚ್ಚಿ ತಿರುಗಿಸಿದ್ರೆ ಸ್ಕ್ರೀನಲ್ಲಿ ಅಕ್ಕಿನುಚ್ಚಿನ ಥರ ಒಂದು ಬಿಳಿ ಗೆರೆ. ಕೈಗೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಮಾರನೇ ದಿನಾನೇ ತೆಗೆದ್ರು. ಐದು ಮಿಲಿಮೀಟರ್, ಕರ್ರಗೆ, ಒಂದು ಜೀರಿಗೆ ಕಾಳಿನಷ್ಟು. ಚಿಕ್ಕ ಪ್ಲಾಸ್ಟಿಕ್ ಡಬ್ಬೀಲಿ ಹಾಕಿ ಕೈಗೆ ಕೊಟ್ರು, ಬಿಲ್ ಎಲ್ಲಾ ಸೇರಿ ಹದಿನಾರು ಸಾವಿರ ಚಿಲ್ಲರೆ. 1,800 ಉಳಿಸೋಕೆ ಹೋಗಿದ್ದೆ. ಬೆರಳು ಪೂರ್ತಿ ಮಡಚೋಕೆ ಇನ್ನೂ ಎರಡು ತಿಂಗಳು ಫಿಸಿಯೋ. ಶುಗರ್ ಇರೋರು ಇದನ್ನ ಇಷ್ಟು ದಿನ ಎಳೆಯೋದು ಬೇಡವೇ ಬೇಡ.

ಕತ್ತರಿಸಿದ್ದನ್ನ ರಸ್ತೆ ಪಕ್ಕ ರಾಶಿ ಹಾಕಿದ್ದೆ, ಅದು ಇನ್ನೊಂದು ತಲೆನೋವು. ಕಸದ ಗಾಡಿಯವ್ರು ಮುಟ್ಟಲ್ಲ ಅಂದ್ರು, ಅವ್ರದ್ದೇನು ತಪ್ಪು, ಬರಿಗೈಯಲ್ಲಿ ಎತ್ಬೇಕಲ್ಲ. ಒಣಗಿದ ಮುಳ್ಳು ಹಸಿಗಿಂತ ಮೋಸ, ಗಾಳಿಗೆ ಹಾರಿ ಪಕ್ಕದ ಮನೆ ಸ್ಕೂಟರ್ ಎರಡು ಸಲ ಪಂಕ್ಚರ್, ನನ್ನ ಹವಾಯಿ ಚಪ್ಪಲಿ ಅಟ್ಟೆ ದಾಟಿ ಹಿಮ್ಮಡಿಗೊಂದು. ಕೊನೆಗೆ ಅದೇ 1,800ರವ್ರನ್ನೇ ಕರೆಸಿದೆ. ಅವ್ರು ಕೆಲಸ ಮಾಡೋದು ನೋಡ್ತಾ ಕೂತೆ. ಕಾಲಿಗೆ ಟೈರಿನ ಮೆಟ್ಟು, ಕೈಗೆ ವೆಲ್ಡಿಂಗ್‌ನವ್ರು ಹಾಕೋ ದಪ್ಪ ಲೆದರ್ ಗ್ಲೌಸ್. ಮೊದಲು ಒಂದು ಉದ್ದ ಕೋಲಲ್ಲಿ ಪೊದೆನ ಬುಡದಿಂದ ಬಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತ್ರು, ಹಾವು ಇದ್ರೆ ಹೋಗ್ಲಿ, ಕಡಜದ ಗೂಡಿದ್ರೆ ಗೊತ್ತಾಗ್ಲಿ ಅಂತ. ನಾನು ಅಲ್ಲಿ ಹವಾಯಿ ಚಪ್ಪಲೀಲಿ ನುಗ್ಗಿದ್ದು ನೆನೆಸ್ಕೊಂಡು ಮೈ ಜುಂ ಅಂತು. ಕೊಂಬೇನ ಬುಡದಲ್ಲಿ ಕತ್ತರಿಸಿ ಎಳೆಯೋದೇ ಇಲ್ಲ ಅವ್ರು, ತುದಿಯಿಂದ ಮೊಳ ಮೊಳ ತುಂಡು ಮಾಡ್ಕೊಂಡು ಒಳಗೆ ಬರ್ತಾರೆ, ಅದು ಬಿದ್ದಲ್ಲೇ ಬೀಳ್ಲಿ. ಬಿದ್ದಿದ್ದನ್ನ ಕೈಯಲ್ಲಿ ಮುಟ್ಟಲ್ಲ, ಕವೆಗೋಲಲ್ಲಿ ಒತ್ತಿ ಒತ್ತಿ ಹೊರೆ ಮಾಡಿ ಹಗ್ಗ ಬಿಗೀತಾರೆ. ನಮ್ಮೂರಲ್ಲಿ ಹೊಲಕ್ಕೆ ಜಾಲಿಮುಳ್ಳಿನ ಬೇಲಿ ಹಾಕುವಾಗ ತಾತನೂ ಹಿಂಗೇ ಮಾಡ್ತಿದ್ರಲ್ಲ ಅಂತ ಆಗ ನೆನಪಾಯ್ತು, ನೋಡಿ ಏನು ಪ್ರಯೋಜನ.

ಕೊನೇಲಿ ಒಂದು ಮೂಲೇಲಿ ಹುಲ್ಲಿನ ಉಂಡೆ ಥರ ಗೂಡು ಸಿಕ್ತು, ರಾಟವಾಳ ಅನ್ನೋ ಪುಟ್ಟ ಹಕ್ಕೀದು, ಅಷ್ಟು ಜಾಗ ಬಿಟ್ಬಿಡಿ ಅಂದೆ, ಬಿಟ್ರು. ಆ ಮೂಲೆನೇ ಈಗ ಮತ್ತೆ ಬೆಳೆದು ವೈರ್ ಕಡೆ ಕೈ ಚಾಚಿದೆ. ಮೊನ್ನೆ ಅವ್ರಿಗೆ ಫೋನ್ ಮಾಡ್ದೆ, ಲೈನ್ ಆಫ್ ಮಾಡಿಸಿ ಇಡಿ ಸಾರ್, ಭಾನುವಾರ ಬರ್ತೀನಿ ಅಂದ್ರು. ಈ ಸಲ 2,200 ಅಂತೆ. ಚೌಕಾಸಿ ಮಾಡ್ಲಿಲ್ಲ.