ಭಾವನ ಕಾರಿನ ಆಯಿಲ್, ನನ್ನ ಬೈಕು, ಆಗುಂಬೆ ಘಾಟಿ

ಕಾರಿಗೆಂದು ತಂದ ಇಂಜಿನ್ ಆಯಿಲನ್ನು ಬೈಕಿಗೆ ಹಾಕಬೇಡಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಮಾತನ್ನು ನನಗೂ ಯಾರೋ ಎಂದೋ ಹೇಳಿದ್ದರು, ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನಾನು ತೀರ್ಥಹಳ್ಳಿಯ ಕಡೆಯ ಹೈಸ್ಕೂಲು ಮೇಷ್ಟ್ರು. ಬೈಕು 150 ಸಿಸಿಯದು, ಎಂಟು ವರ್ಷದ್ದು, ಅದುವರೆಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ದೀಪಾವಳಿ ರಜೆಯಲ್ಲಿ ಭಾವನ ಮನೆಗೆ ಹೋಗಿದ್ದಾಗ ಅವರ ಕಾರಿಗೆ ಆಯಿಲ್ ಬದಲಿಸಿ ಐದು ಲೀಟರಿನ ಕ್ಯಾನಿನಲ್ಲಿ ಒಂದೂವರೆ ಲೀಟರ್ ಉಳಿದಿತ್ತು. ಪೂರ್ತಿ ಸಿಂಥೆಟಿಕ್, 5ಡಬ್ಲ್ಯೂ-30, ಜೇನುತುಪ್ಪದ ಬಣ್ಣ. "ತಗೊಂಡು ಹೋಗು, ಬೈಕಿಗಾದೀತು" ಎಂದರು. ನನಗೂ ಅದು ಸರಿ ಎನಿಸಿತು. ಬೈಕಿನ ಆಯಿಲಿಗಿಂತ ದುಬಾರಿ ಮಾಲು, ಅಂದಮೇಲೆ ಒಳ್ಳೆಯದೇ ಇರಬೇಕಲ್ಲ! ಉಳಿದದ್ದು ನಾನೂರೈವತ್ತು ರೂಪಾಯಿ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸಕ್ಕೆ ಕುಳಿತೆ. ಐದು ನಿಮಿಷ ಇಂಜಿನ್ ಓಡಿಸಿ ಬೆಚ್ಚಗೆ ಮಾಡಿಕೊಂಡೆ, ಹಳೆಯ ಬೋಗುಣಿ ಕೆಳಗಿಟ್ಟೆ, 17ರ ರಿಂಗ್ ಸ್ಪ್ಯಾನರಿನಿಂದ ಡ್ರೈನ್ ಬೋಲ್ಟ್ ಬಿಚ್ಚಿದೆ. ಕಾಡಿಗೆಯಂಥ ಆಯಿಲ್ ಇಳಿಯಿತು. ಬೋಲ್ಟಿಗಿದ್ದ ತೆಳು ವಾಷರನ್ನು ಒರೆಸಿ ಅದನ್ನೇ ತಿರುಗಿ ಹಾಕಿದೆ. ಒಮ್ಮೆ ಒತ್ತಿ ಚಪ್ಪಟೆಯಾದ ವಾಷರ್ ಎರಡನೆಯ ಸಲಕ್ಕೆ ಸರಿಯಾಗಿ ಕೂರುವುದಿಲ್ಲ ಎಂದು ಗೊತ್ತಿರಲಿಲ್ಲ. ಹತ್ತಿಪ್ಪತ್ತು ರೂಪಾಯಿಯ ಸಾಮಾನು ಅದು.

ಹೊಸ ಆಯಿಲ್ ಒಂದು ಲೀಟರ್ ಸುರಿದು ಆಯಿಲ್ ಕಡ್ಡಿ ಅದ್ದಿ ನೋಡಿದರೆ ಕೆಳಗಿನ ಗೆರೆಗೂ ಮುಟ್ಟಿಲ್ಲ. ಕೈಪಿಡಿ ತೆಗೆದೆ. ಅದರಲ್ಲಿ ಎರಡು ಅಳತೆ ಇದೆ: ಆಯಿಲ್ ಬದಲಿಸುವಾಗ 1 ಲೀಟರ್, ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ 1.2 ಲೀಟರ್. ಕಡ್ಡಿಯೇ ಕಡಿಮೆ ತೋರಿಸುತ್ತಿದೆಯಲ್ಲ ಎಂದು ಇನ್ನೂ 200 ಮಿಲಿ ಸುರಿದೆ. ಬೈಕು ನಿಂತಿದ್ದದ್ದು ಸೈಡ್ ಸ್ಟ್ಯಾಂಡಿನ ಮೇಲೆ! ಬೈಕು ಎಡಕ್ಕೆ ವಾಲಿದೆ, ಆಯಿಲೆಲ್ಲ ಎಡಕ್ಕೆ ಸರಿದಿದೆ, ಕಡ್ಡಿ ಇರುವುದು ಬಲಗಡೆ. ಅದು ಕಡಿಮೆ ತೋರಿಸದೆ ಇನ್ನೇನು ಮಾಡೀತು? ಮಕ್ಕಳಿಗೆ ದ್ರವದ ಮಟ್ಟದ ಪಾಠ ಮಾಡುವವನು ನಾನು.

ಮರುದಿನ ಬೆಳಿಗ್ಗೆ ಡ್ರೈನ್ ಬೋಲ್ಟಿನ ಕೆಳಗೆ ನೆಲದ ಮೇಲೆ ಒಂದು ಹನಿ. ವಾಷರಿನ ಫಲ. ನಾನು ಬೋಲ್ಟ್ ಸಡಿಲ ಎಂದುಕೊಂಡು, ನೀರಿನ ಲೈನಿನದೊಂದು ಎರಡಡಿ ಪೈಪಿನ ತುಂಡನ್ನು ಸ್ಪ್ಯಾನರಿಗೆ ಸಿಕ್ಕಿಸಿ ಒತ್ತಿದೆ. ಬಿಗಿಯಾಗುತ್ತ ಬಂದದ್ದು ಒಮ್ಮೆಗೇ ಬೆಣ್ಣೆಯಂತೆ ಮೆತ್ತಗಾಯಿತು. ಸರಿಯಾಗಿ ಕೂತಿತು ಎಂದುಕೊಂಡೆ. ಆ ಬೋಲ್ಟಿಗೆ ಕೈಪಿಡಿ ಹೇಳುವುದು 24 ನ್ಯೂಟನ್ ಮೀಟರ್. ಎರಡಡಿ ಉದ್ದದ ಹಿಡಿಯ ತುದಿಯಲ್ಲಿ ಅಷ್ಟು ಬಿಗಿಗೆ ನಾಲ್ಕು ಕಿಲೋ ಭಾರ ಸಾಕು, ಅಂದರೆ ಒಂದು ಸಣ್ಣ ಅಕ್ಕಿ ಚೀಲ. ನಾನು ಮೈಭಾರವೆಲ್ಲ ಹಾಕಿದ್ದೆ. ಬೋಲ್ಟ್ ಉಕ್ಕಿನದು, ಅದು ಕೂರುವ ಇಂಜಿನ್ ಮೈ ಅಲ್ಯುಮಿನಿಯಮ್ಮಿನದು. ಸೋಲುವುದು ಯಾವುದೆಂದು ಹೇಳಬೇಕಿಲ್ಲ.

ಇಷ್ಟೆಲ್ಲ ಆದರೂ ಬೈಕು ಏನೂ ಹೇಳಲಿಲ್ಲ. ಒಂದು ವಾರ ಶಾಲೆಗೆ ಹೋದೆ, ಬಂದೆ. ಸದ್ದೂ ಮೆತ್ತಗಾಗಿದೆ ಎಂದು ಹೆಂಡತಿಯ ಮುಂದೆ ಹೇಳಿಕೊಂಡೆ ಕೂಡ.

ಮುಂದಿನ ಶನಿವಾರ ಹೆಬ್ರಿಯಲ್ಲಿ ನೆಂಟರ ಗೃಹಪ್ರವೇಶ. ಇಬ್ಬರೂ ಬೈಕಿನಲ್ಲೇ ಹೊರಟೆವು. ಹೋಗುವಾಗ ಘಾಟಿ ಇಳಿಜಾರು, ತೊಂದರೆ ಇಲ್ಲ. ಭಾನುವಾರ ಮಧ್ಯಾಹ್ನ ಊಟ ಮಾಡಿ ತಿರುಗಿದೆವು. ಸೋಮೇಶ್ವರ ದಾಟಿ ಏರು ಶುರುವಾಯಿತು. ಆಗುಂಬೆ ಘಾಟಿಯದು ಹದಿನಾಲ್ಕು ತಿರುವು. ಮೂರನೆಯದರಲ್ಲಿ ಎರಡನೇ ಗೇರಿಗೆ ಹಾಕಿ ಎಕ್ಸಿಲರೇಟರ್ ತಿರುವಿದರೆ ಇಂಜಿನ್ ಕೂಗುತ್ತದೆ, ಬೈಕು ಮಾತ್ರ ಮುಂದೆ ಹೋಗುವುದಿಲ್ಲ. ಮೊದಲನೇ ಗೇರಿನಲ್ಲೂ ಅದೇ ಕಥೆ. ಬದಿಗೆ ನಿಲ್ಲಿಸಿದಾಗ ಸುಟ್ಟ ವಾಸನೆ ಬರುತ್ತಿತ್ತು.

ಕ್ಲಚ್ ಕೇಬಲ್ ಸಡಿಲವಾಗಿದೆ ಎಂದು ನನ್ನ ಪಾಂಡಿತ್ಯ. ಹಿಡಿಯ ಬುಡದ ಸ್ಕ್ರೂ ತಿರುಗಿಸಿ ಕೇಬಲನ್ನು ಬಿಗಿ ಮಾಡಿದೆ. ಅದರಿಂದ ಇನ್ನೂ ಕೆಟ್ಟಿತು. ಕ್ಲಚ್ ಹಿಡಿಯ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇರಲೇಬೇಕು. ಅದನ್ನು ತೆಗೆದರೆ ಅರ್ಧ ಕ್ಲಚ್ ಹಿಡಿದುಕೊಂಡೇ ಓಡಿಸಿದಂತೆ. ಇಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವ ಕ್ಲಚ್ ಪ್ಲೇಟುಗಳು ಮೊದಲೇ ಜಾರುತ್ತಿದ್ದವು, ನಾನೇ ಇನ್ನಷ್ಟು ಜಾರಿಸಿದೆ. ಕಟ್ಟೆಯ ಮೇಲೆ ಕುಳಿತಿದ್ದ ಮಂಗಗಳು ನಮ್ಮ ಕೈಚೀಲವನ್ನೇ ನೋಡುತ್ತಿದ್ದವು. "ಸದ್ದು ಮೆತ್ತಗಾಗಿದೆ ಎಂದಿರಲ್ಲ" ಎಂದಳು ಹೆಂಡತಿ. ಕೊನೆಗೆ ಒಂದು ಮಿನಿ ಬಸ್ಸಿಗೆ ಕೈ ತೋರಿಸಿ ಅವಳನ್ನು ಹತ್ತಿಸಿದೆ. ನಾನೊಬ್ಬನೇ ಕೇಬಲ್ ತಿರುಗಿ ಸಡಿಲಿಸಿ, ತಿರುವಿಗೊಮ್ಮೆ ನಿಂತು ತಣಿಸಿ, ಆಗುಂಬೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು.

ನಮ್ಮೂರಿನ ಮೆಕ್ಯಾನಿಕ್ ಆಯಿಲ್ ಮುಚ್ಚಳ ತೆಗೆದು, ಒಂದು ತೊಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ, "ಮೇಷ್ಟ್ರೇ, ಯಾವ ಕಾರಿನದು?" ಎಂದು ಕೇಳಿದ. ಆಮೇಲೆ ಅವನು ಹೇಳಿದ್ದು ಇಷ್ಟು. ಸಾಮಾನ್ಯವಾಗಿ ಕಾರಿನ ಕ್ಲಚ್ ಒಣಗಿರುತ್ತದೆ, ಇಂಜಿನ್ ಆಯಿಲಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಬೈಕುಗಳಲ್ಲಿ ಇಂಜಿನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಪೆಟ್ರೋಲ್ ಉಳಿಸಲೆಂದು ಕಾರಿನ ಹಲವು ಆಯಿಲುಗಳಿಗೆ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಬೆರೆಸಿರುತ್ತಾರೆ. ಕ್ಲಚ್ ಪ್ಲೇಟು ಬದುಕಿರುವುದೇ ಘರ್ಷಣೆಯಿಂದ.

ತಪ್ಪು 5ಡಬ್ಲ್ಯೂ-30 ಎಂಬ ಅಂಕಿಯದಲ್ಲ, ಅದು ಆಯಿಲ್ ಎಷ್ಟು ತೆಳು ಎಷ್ಟು ಮಂದ ಎಂಬುದನ್ನಷ್ಟೇ ಹೇಳುತ್ತದೆ. ಕ್ಯಾನಿನ ಹಿಂಬದಿಯಲ್ಲಿ ಜಾಸೋ ಎಂಎ ಅಥವಾ ಎಂಎ2 ಎಂದು ಇದೆಯೇ ನೋಡಬೇಕು, ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿಗೆ ಒಗ್ಗುತ್ತದೆ ಎಂಬುದಕ್ಕೆ ಜಪಾನಿನವರ ಗುರುತು ಅದು. ನೀರು ದೋಸೆಯಷ್ಟು ತೆಳುವಾದ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ, ಕನ್ನಡಕ ಬೇಕಾಗುತ್ತದೆ. ಎಪಿಐ ಎಂಬ ದುಂಡು ಗುರುತಿನ ಕೆಳಗಿನ ಅರ್ಧದಲ್ಲಿ ರಿಸೋರ್ಸ್ ಕನ್ಸರ್ವಿಂಗ್, ಅಂದರೆ ಇಂಧನ ಉಳಿಸುವ ಆಯಿಲ್, ಎಂದಿದ್ದರೆ ಅದನ್ನು ಬೈಕಿನ ಹತ್ತಿರವೂ ತರಬೇಡಿ. ಭಾವನ ಕ್ಯಾನಿನ ಮೇಲೆ ಹಾಗೆಯೇ ಇತ್ತು. ಮನೆಯಲ್ಲಿ ಗೇರಿಲ್ಲದ ಸ್ಕೂಟರೂ ಇದ್ದರೆ ಇನ್ನೊಂದು ಎಚ್ಚರ: ಅದರ ಆಯಿಲಿನ ಮೇಲೆ ಸಾಮಾನ್ಯವಾಗಿ ಜಾಸೋ ಎಂಬಿ ಎಂದಿರುತ್ತದೆ. ಸ್ಕೂಟರಿನ ಕ್ಲಚ್ ಆಯಿಲಿನಿಂದ ಹೊರಗಿರುವುದರಿಂದ ಅದಕ್ಕದು ಸರಿ, ಬೈಕಿಗಲ್ಲ.

ಕ್ಲಚ್ ಪ್ಲೇಟುಗಳು ಗಾಜಿನಂತೆ ಮಿರುಗುತ್ತಿದ್ದವು, ಉಗುರು ಎಳೆದರೆ ಗೀರೂ ಬೀಳದಷ್ಟು. ಪೂರ್ತಿ ಸೆಟ್ ಬದಲಿಸಬೇಕಾಯಿತು. ಏರ್ ಫಿಲ್ಟರ್ ಬಿಚ್ಚಿದರೆ ಅದು ಆಯಿಲಿನಲ್ಲಿ ನೆಂದಿತ್ತು. ನಾನು ಹೆಚ್ಚಿಗೆ ಸುರಿದ 200 ಮಿಲಿ ಗಾಳಿಕೊಳವೆಯ ದಾರಿಯಲ್ಲಿ ಅಲ್ಲಿಗೆ ಹೋಗಿ ಕುಳಿತಿತ್ತು. ಡ್ರೈನ್ ಬೋಲ್ಟನ್ನು ಅವನು ಕೈಯಿಂದಲೇ ತಿರುಗಿಸಿ ತೆಗೆದ. ಅದರ ಸುತ್ತ ಬೆಳ್ಳಿಯ ಎಳೆಯಂಥ ಸುರುಳಿ ಅಂಟಿಕೊಂಡು ಬಂತು: ಇಂಜಿನ್ ಮೈಯ ಥ್ರೆಡ್ಡು. "ಘಾಟಿ ಇಳಿಯುವಾಗ ಇದು ಬಿದ್ದಿದ್ದರೆ ಆಯಿಲೆಲ್ಲ ಹಿಂದಿನ ಟಯರಿಗೇ" ಎಂದು ಅದನ್ನು ನನ್ನ ಅಂಗೈಯಲ್ಲಿಟ್ಟ. ಟ್ಯಾಪ್ ಹೊಡೆದು, ಅಂದರೆ ತೂತಿಗೆ ಹೊಸ ಥ್ರೆಡ್ಡು ಕೊರೆದು, ಒಂದು ಅಳತೆ ದೊಡ್ಡ ಬೋಲ್ಟ್ ಹಾಕಿದ. ಹೊಸ ಆಯಿಲ್ ಹಾಕಿ, ಸ್ವಲ್ಪ ಓಡಿಸಿ, ಅದನ್ನೂ ಚೆಲ್ಲಿ ಮತ್ತೆ ಹಾಕಿದೆವು. ಒಟ್ಟು ನಾಲ್ಕು ಸಾವಿರದ ಆರುನೂರು.

ಈಗಲೂ ಆಯಿಲ್ ಮನೆಯಲ್ಲೇ ಬದಲಿಸುತ್ತೇನೆ, ಹಟ ಬಿಟ್ಟಿಲ್ಲ. ಪ್ರತಿ ಸಲ ಹೊಸ ವಾಷರ್, ಮೋಟು ಸ್ಪ್ಯಾನರ್. ಅಳತೆ ನೋಡುವುದು ಸಮತಟ್ಟಾದ ಜಗಲಿಯಲ್ಲಿ, ಸೆಂಟರ್ ಸ್ಟ್ಯಾಂಡ್ ಹಾಕಿ: ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಇನ್ನೆರಡು ಮೂರು ನಿಮಿಷ ಕಾದು, ಕಡ್ಡಿ ಒರೆಸಿ ಸುಮ್ಮನೆ ಇಳಿಬಿಡುತ್ತೇನೆ, ತಿರುಗಿಸಿ ಬಿಗಿಯುವುದಿಲ್ಲ. ಬಿಗಿದರೆ ಕಡ್ಡಿ ಇನ್ನೂ ಆಳಕ್ಕೆ ಇಳಿದು ಇಲ್ಲದ ಆಯಿಲನ್ನು ಇದೆ ಎಂದು ತೋರಿಸುತ್ತದೆ. ಕೆಲವು ಬೈಕುಗಳಲ್ಲಿ ಬಿಗಿದೇ ನೋಡಬೇಕು, ಆದ್ದರಿಂದ ನಿಮ್ಮ ಕೈಪಿಡಿಯ ಆ ಒಂದು ಸಾಲನ್ನು ಓದಿಕೊಳ್ಳಿ.

ತೆಗೆದ ಹಳೆಯ ಆಯಿಲನ್ನು ಬೇಲಿಗೂಟಕ್ಕೆ ಗೆದ್ದಲು ಹಿಡಿಯದಿರಲೆಂದು ಬಳಿಯುವುದು ನಮ್ಮ ಕಡೆ ರೂಢಿ. ನಾನೂ ಬಳಿಯುತ್ತಿದ್ದೆ. ಬಾವಿ ಹತ್ತು ಮಾರು ದೂರದಲ್ಲಿದೆ ಎಂದು ಹೆಂಡತಿ ನೆನಪಿಸಿದ ಮೇಲೆ ಗ್ಯಾರೇಜಿನ ಡ್ರಮ್ಮಿಗೆ ಕೊಟ್ಟು ಬರುತ್ತೇನೆ. ಕ್ಯಾನಿನಲ್ಲಿ ಉಳಿದ 300 ಮಿಲಿಯನ್ನು ಭಾವನಿಗೆ ಹಿಂತಿರುಗಿಸಿದೆ. ಎತ್ತಿ ಅಲ್ಲಾಡಿಸಿ ನೋಡಿ, "ಬೈಕಿಗೆ ಇಷ್ಟು ಹಿಡಿಯಿತೇ?" ಎಂದರು.