ಎಕ್ಸ್‌ವಿ6: ಕಲಿಯೋಕೆ ಚೆನ್ನ, ದುಡಿಸೋಕಲ್ಲ

ಎಂಐಟಿ ಪಾಠಕ್ಕೆಂದೇ ಬರೆದ ಎಕ್ಸ್‌ವಿ6 ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಇಡಿಯಾಗಿ ಓದಿ ಮುಗಿಸುವಷ್ಟು ಚಿಕ್ಕದು; ಲಿನಕ್ಸ್ ಬಗ್ಗೆ ಯಾರೂ ಹಾಗೆನ್ನುವುದಿಲ್ಲ. ರಿಸ್ಕ್-ವಿ ಬಗೆಯ ಪ್ರೊಸೆಸರ್‌ಗೆ ಕೋಡ್ ಕಟ್ಟುವ ಟೂಲ್‌ಚೈನ್, ಅಂಥ ಯಂತ್ರವನ್ನು ಅನುಕರಿಸುವ ಕ್ಯೂಎಮು ಹಾಕಿಕೊಂಡು ‘ಮೇಕ್ ಕ್ಯೂಎಮು’ ಕೊಟ್ಟರೆ ಆದೇಶ ಟೈಪಿಸುವ ಶೆಲ್ ಸಿದ್ಧ. (ಹೊರಬರಲು ಕಂಟ್ರೋಲ್-ಎ, ಆಮೇಲೆ ಎಕ್ಸ್.)

ಹೊಸ ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ಸೇರಿಸುವಾಗ ಎಡವುವುದು ಸುಲಭ. ಯುಸಿಸ್.ಪಿಎಲ್ (usys.pl) ಫೈಲ್‌ನಲ್ಲಿ ಅದರ ಹೆಸರು ಬಿಟ್ಟರೆ ಕೋಡ್ ತುಣುಕುಗಳನ್ನು ಜೋಡಿಸುವ ಲಿಂಕರ್ ತಕರಾರು ತೆಗೆಯುತ್ತದೆ, ಸಿಸ್‌ಕಾಲ್.ಸಿ (syscall.c) ಫೈಲ್‌ನ ಪಟ್ಟಿಯಲ್ಲಿ ಬಿಟ್ಟರೆ ಸುಮ್ಮನೆ ಕಂಪೈಲ್ ಆಗಿ, ಓಡುವಾಗ ‘ಅನ್‌ನೋನ್ ಸಿಸ್ ಕಾಲ್’ ಎನ್ನುತ್ತದೆ. ಎರಡನೆಯದೇ ಹೆಚ್ಚು ತಲೆನೋವು.

ಮಿತಿಗಳು ಬಿಗಿ: 64 ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್), ಒಂದು ಫೈಲ್‌ಗೆ ತಲಾ 1 ಕೆಬಿಯ 12 ನೇರ, 256 ಪರೋಕ್ಷ ಬ್ಲಾಕ್, ಅಂದರೆ ಫೈಲ್ 268 ಕೆಬಿ ದಾಟದು. ಹೊಸ ಪ್ರೋಸೆಸ್ ಹುಟ್ಟಿಸುವ ಫೋರ್ಕ್ ಕಾಲ್, ಹಳೆಯ ಪ್ರೋಸೆಸ್‌ನ ಮೆಮೊರಿ ಪೂರ್ತಿ ನಕಲು ಮಾಡುತ್ತದೆ. ಲಿನಕ್ಸ್ ಆದರೆ, ಮೆಮೊರಿಯ ಯಾವುದಾದರೂ ಪುಟಕ್ಕೆ ಪ್ರೋಸೆಸ್ ಬರೆಯುವಾಗಷ್ಟೇ ಆ ಪುಟವನ್ನು ನಕಲಿಸುತ್ತದೆ.

ಡ್ರೈವರ್ (ಸಾಧನಗಳನ್ನು ನಡೆಸುವ ಕೋಡ್) ಕೆಲಸವೇ ಗುರಿಯಾದರೆ ನೇರ ಲಿನಕ್ಸ್ ಮಾಡ್ಯೂಲ್‌ಗೆ (ಕರ್ನಲ್‌ಗೆ ಸೇರಿಸುವ ಕೋಡ್ ತುಣುಕು) ಹೋಗಿ, ಆದರೆ ವರ್ಚುವಲ್ ಮಷೀನ್‌ನಲ್ಲಿ: ಒಂದು ತಪ್ಪು ಪಾಯಿಂಟರ್ (ಮೆಮೊರಿ ವಿಳಾಸ) ಇಡೀ ಯಂತ್ರವನ್ನೇ ಮಲಗಿಸಬಲ್ಲದು.