ಹ್ಯಾನಾ ಎಚ್‌ಐ772 ಕೆಎಚ್ ಚೆಕರ್: ಗಟ್ಟಿ ಹವಳ ಸಾಕುವವರಿಗೆ ಬೇಕೇ ಬೇಕಾದ ಮೀಟರು

ಹ್ಯಾನಾ ಕಂಪನಿಯ ಎಚ್‌ಐ772 ಮಾಡುವುದು ಒಂದೇ ಕೆಲಸ. ಹವಳ ಸಾಕುವ ರೀಫ್ ಟ್ಯಾಂಕಿನ ಉಪ್ಪುನೀರಿನ ಅಲ್ಕಲಿನಿಟಿಯನ್ನು, ಅಂದರೆ ಹವ್ಯಾಸಿಗಳ ಬಾಯಲ್ಲಿರುವ ಕೆಎಚ್ ಅನ್ನು, ಅಳೆದು ಡಿಕೆಎಚ್ ಎಂಬ ಮಾನದಲ್ಲಿ ತೋರಿಸುತ್ತದೆ. ಹವಳ ತನ್ನ ಸುಣ್ಣದ ಗೂಡಿಗೆ ನೀರಿನಿಂದ ಎಳೆದುಕೊಳ್ಳುವ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳೇ ಬಹುಮಟ್ಟಿಗೆ ಈ ಕೆಎಚ್. ಅಂಗೈಯಲ್ಲಿ ಹಿಡಿಸುವ ಗಾತ್ರ, ಒಂದೇ ಗುಂಡಿ, ಒಂದು ಎಎಎ ಸೆಲ್, 0ರಿಂದ 20 ಡಿಕೆಎಚ್‌ವರೆಗಿನ ವ್ಯಾಪ್ತಿ. ಇಷ್ಟಕ್ಕೇ ಬೇರೆ ಮೀಟರು ಬೇಕೆ ಎಂಬುದು ಟ್ಯಾಂಕಿನಲ್ಲಿ ಏನಿದೆ ಎನ್ನುವುದರ ಮೇಲೆ ನಿಂತಿದೆ. ಬರೀ ಮೀನು, ಅಥವಾ ಮೀನಿನ ಜೊತೆ ಜೊವಾಂಥಿಡ್, ಲೆದರ್, ಕ್ಸೀನಿಯಾದಂಥ ಮೆದು ಹವಳಗಳಿದ್ದರೆ ಬೇಡ. ಹೊತ್ತುಹೊತ್ತಿಗೆ ನೀರು ಬದಲಿಸಿದರೆ ಸಾಕು. ಅಕ್ರೊಪೋರ, ಮಾಂಟಿಪೋರದಂತೆ ಸುಣ್ಣದ ಗೂಡು ಕಟ್ಟುವ ಹವಳ ಟ್ಯಾಂಕಿಗೆ ಇಳಿದ ದಿನದಿಂದ ಬೇಕು.

ಕ್ಯಾಲ್ಸಿಯಂ ಬಿಟ್ಟು ಕೆಎಚ್ ಅನ್ನೇ ಯಾಕೆ ಹಿಂಬಾಲಿಸಬೇಕು? ಹವಳ 1 ಡಿಕೆಎಚ್ ಬಳಸಿದಾಗ ಅದರ ಜೊತೆ ಲೀಟರಿಗೆ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ದಿನಕ್ಕೆ 0.4 ಡಿಕೆಎಚ್ ಇಳಿಯುವ ಟ್ಯಾಂಕಿನಲ್ಲಿ ಕ್ಯಾಲ್ಸಿಯಂ ಇಳಿಯುವುದು 3 ಮಿಲಿಗ್ರಾಂ ಮಾತ್ರ. ಲೀಟರಿಗೆ 420 ಮಿಲಿಗ್ರಾಂ ಇರುವ ಕ್ಯಾಲ್ಸಿಯಂನಲ್ಲಿ 3 ಕಡಿಮೆಯಾದದ್ದನ್ನು ಮನೆಯಲ್ಲಿ ಬಳಸುವ ಯಾವ ಕಿಟ್ಟೂ ಹಿಡಿಯುವುದಿಲ್ಲ. ಕೆಎಚ್ 8 ಇದ್ದಾಗ 0.4 ಎಂದರೆ ಶೇ 5, ಅದು ಎರಡು ಮೂರು ದಿನಗಳಲ್ಲಿ ಎದ್ದು ಕಾಣುತ್ತದೆ. ಹನಿ ಹಾಕಿ ಬಣ್ಣ ನೋಡುವ ಕಿಟ್‌ಗಳಲ್ಲಿ ಒಂದು ಹನಿಗೆ ಒಂದು ಡಿಕೆಎಚ್ ಎನ್ನುವಂಥವು ಈ ಕೆಲಸಕ್ಕೆ ಆಗುವುದೇ ಇಲ್ಲ. ಬಣ್ಣ ತಿರುಗಿತೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡುವ ಗೊಂದಲವೂ ಚೆಕರ್‌ನಲ್ಲಿ ಇಲ್ಲ.

ಬಳಕೆ ಸುಲಭ. ಗುಂಡಿ ಒತ್ತಿ ಸಿ1 ಬರುವವರೆಗೆ ಕಾಯಬೇಕು. ಗಾಜಿನ ಸೀಸೆಗೆ 10 ಎಂಎಲ್ ಟ್ಯಾಂಕ್ ನೀರು ತುಂಬಿ, ಮುಚ್ಚಿ, ಒರೆಸಿ, ಒಳಗಿಟ್ಟು ಮತ್ತೆ ಒತ್ತಿದರೆ ಮೀಟರು ಸೊನ್ನೆ ಗುರುತಿಸಿಕೊಂಡು ಸಿ2 ತೋರಿಸುತ್ತದೆ. ಸೀಸೆ ಹೊರತೆಗೆದು 1 ಎಂಎಲ್ ರೀಏಜೆಂಟ್ ಸೇರಿಸಿ, ಐದು ಸಲ ನಿಧಾನಕ್ಕೆ ತಲೆಕೆಳಗು ಮಾಡಿ, ವಾಪಸಿಟ್ಟು ಒತ್ತಿದರೆ ಅಂಕಿ ಬರುತ್ತದೆ. ಕೆಎಚ್ ಕಡಿಮೆಯಿದ್ದರೆ ನೀರು ಹಳದಿ, ಹೆಚ್ಚಿದ್ದರೆ ಹಸಿರುನೀಲಿ.

ತಪ್ಪುವುದು ಬಹುಮಟ್ಟಿಗೆ ಸಿರಿಂಜಿನಲ್ಲಿ. ರೀಏಜೆಂಟ್‌ನಲ್ಲಿರುವುದು ಅಳೆದಿಟ್ಟ ಆಮ್ಲ ಮತ್ತು ಬಣ್ಣ. ಅದು 1 ಎಂಎಲ್‌ಗಿಂತ ಕಡಿಮೆ ಬಿದ್ದರೆ ಕೆಎಚ್ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ನೀರು 10 ಎಂಎಲ್‌ಗಿಂತ ಕಡಿಮೆಯಾದರೆ ಕಡಿಮೆ ಕಾಣುತ್ತದೆ. ಪಿಸ್ಟನ್ನಿನ ಕೆಳ ಅಂಚು 1.0 ಗೆರೆಗೆ ಸರಿಯಾಗಿ ನಿಲ್ಲಬೇಕು. ಪಿಸ್ಟನ್ನಿನ ಅಡಿಯಲ್ಲಿ ಕಾಣುವ ಪುಟ್ಟ ಗಾಳಿಯ ಜಾಗಕ್ಕೆ ಹೆದರಬೇಕಿಲ್ಲ, ಅದು ಮೂತಿಯಲ್ಲಿದ್ದ ಗಾಳಿ. ಆದರೆ ಎಳೆಯುವಾಗ ಮೂತಿ ದ್ರವದಿಂದ ಮೇಲೆದ್ದು ಗಾಳಿ ಒಳಹೊಕ್ಕರೆ ಚೆಲ್ಲಿ ಮತ್ತೆ ತೆಗೆಯಿರಿ. ಎರಡನೇ ಶತ್ರು ಗಾಜಿನ ಮೇಲಿನ ಬೆರಳಚ್ಚು ಮತ್ತು ಒಳಗಂಟಿದ ಗುಳ್ಳೆ. ಜೋರಾಗಿ ಕುಲುಕಿದರೆ ಗುಳ್ಳೆ ಖಂಡಿತ. 10 ಎಂಎಲ್ ಗುರುತು ಎರಡೂ ಸಲ ಒಂದೇ ದಿಕ್ಕಿಗೆ ಇರಲಿ. ಗಾಜಿನಲ್ಲಿ ಗೀರಿದ್ದರೂ ಎರಡು ಸಲವೂ ಒಂದೇ ಜಾಗದಲ್ಲಿ ಬೆಳಕಿಗೆ ಅಡ್ಡ ಬರುತ್ತದೆ. ಮುಗಿದ ಮೇಲೆ ಬಣ್ಣದ ನೀರನ್ನು ಸೀಸೆಯಲ್ಲೇ ಬಿಡದೆ ಆರ್‌ಒ ನೀರಿನಲ್ಲಿ ತೊಳೆಯಿರಿ.

ಈಗ ನಿಖರತೆಯ ಮಾತು. ಕಂಪನಿ ಹೇಳುವುದು ±0.3 ಡಿಕೆಎಚ್, ಅದರ ಮೇಲೆ ಓದಿದ ಅಂಕಿಯ ±ಶೇ 5. ಅಂದರೆ 8ರ ಹತ್ತಿರ ±0.7. ಒಂದೇ ನೀರಿಗೆ ಒಂದು ಚೆಕರ್ 7.6, ಇನ್ನೊಂದು 8.4 ಎಂದರೂ ಎರಡೂ ತಮ್ಮ ಮಿತಿಯಲ್ಲೇ ಇವೆ. ಪರದೆಯ ಮೇಲೆ ದಶಮಾಂಶ ಕಂಡ ಕೂಡಲೇ 7.9ನ್ನು 8.1 ಮಾಡಲು ಡೋಸ್, ಅಂದರೆ ಕೆಎಚ್ ಏರಿಸುವ ಸೋಡ, ಹಾಕುವುದು ತಪ್ಪು. ಇದರ ಶಕ್ತಿ ಇರುವುದು ಒಂದೇ ಮೀಟರು, ಒಂದೇ ಸೀಸೆ, ದಿನದ ಒಂದೇ ಹೊತ್ತು ಎಂಬ ಶಿಸ್ತಿನಲ್ಲಿ. ಹೀಗೆ ಸಾಲಾಗಿ ಬರೆದಿಟ್ಟ ಅಂಕಿಗಳು ಹೇಳುವ ಏರಿಳಿತವನ್ನು ನಂಬಬಹುದು.

ಮೀಟರು ಮತ್ತು ಕೈ ಎರಡೂ ಸರಿಯಾಗಿವೆಯೇ ಎಂದು ಮನೆಯಲ್ಲೇ ನೋಡಲು ಒಳ್ಳೆಯ ದಾರಿಯಿದೆ. ಶುದ್ಧ ಅಡುಗೆ ಸೋಡ 3 ಗ್ರಾಂ ತೂಗಿ, ಆರ್‌ಒ ನೀರಿನಲ್ಲಿ ಕರಗಿಸಿ ಒಟ್ಟು 100 ಎಂಎಲ್ ಮಾಡಿ. ಇದರಲ್ಲಿ 1 ಎಂಎಲ್ ಅನ್ನು 1 ಲೀಟರ್ ಟ್ಯಾಂಕ್ ನೀರಿಗೆ ಬೆರೆಸಿದರೆ ಕೆಎಚ್ ಸರಿಯಾಗಿ 1 ಏರಬೇಕು. ಬೆರೆಸುವ ಮೊದಲು ಮೂರು ಸಲ, ಆಮೇಲೆ ಮೂರು ಸಲ ಅಳೆದು ಸರಾಸರಿ ಹೋಲಿಸಿ. ಮೂರು ಅಂಕಿಗಳೇ ಒಂದಕ್ಕೊಂದು ಹೊಂದದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಸಿರಿಂಜನ್ನು ಹಿಡಿದ ಕೈಯನ್ನು.

ಇದೇ ಲೆಕ್ಕ ಡೋಸಿಂಗಿಗೂ ಸಲ್ಲುತ್ತದೆ: 100 ಲೀಟರಿಗೆ 1 ಡಿಕೆಎಚ್ ಏರಿಸಲು ಅಡುಗೆ ಸೋಡ 3 ಗ್ರಾಂ, ಸೋಡಿಯಂ ಕಾರ್ಬೊನೇಟ್ ಆದರೆ 1.9 ಗ್ರಾಂ. ಮೊದಲನೆಯದು ಪಿಎಚ್ ಅನ್ನು ಚೂರು ಇಳಿಸುತ್ತದೆ, ಎರಡನೆಯದು ಏರಿಸುತ್ತದೆ. ಕಲ್ಲು, ಮರಳು ಕಳೆದು ಉಳಿದ ನೀರನ್ನಷ್ಟೇ ಲೆಕ್ಕ ಹಿಡಿಯಿರಿ. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಕ್ಯಾಲ್ಸಿಯಂ ಡೋಸನ್ನು ಅದೇ ಹೊತ್ತಿಗೆ ಅದೇ ಜಾಗಕ್ಕೆ ಸುರಿದರೆ ಎರಡೂ ಸೇರಿ ಬಿಳಿ ಸುಣ್ಣವಾಗಿ ಕೆಳಗಿಳಿಯುತ್ತವೆ. ಗುರಿ 7ರಿಂದ 9ರ ನಡುವೆ ಎಲ್ಲಾದರೂ ಸರಿ, ಅಲುಗಾಡದೆ ನಿಲ್ಲಬೇಕು ಅಷ್ಟೆ. ನೈಟ್ರೇಟ್, ಫಾಸ್ಫೇಟ್ ಸೊನ್ನೆಯ ಹತ್ತಿರವಿರುವ ಟ್ಯಾಂಕಿನಲ್ಲಿ ಕೆಎಚ್ 10, 11ಕ್ಕೆ ಒಯ್ದರೆ ಅಕ್ರೊಪೋರದ ಕೊಂಬೆಯ ತುದಿ ಸುಟ್ಟಂತಾಗುತ್ತದೆ.

ಹೊಸ ಹವಳ ಸೇರಿಸುವಾಗ ಚೆಕರ್ ನಿಜವಾಗಿ ಕೈ ಹಿಡಿಯುತ್ತದೆ. ಸೇರಿಸುವ ಮೊದಲು ಒಂದು ವಾರದ ದಿನನಿತ್ಯದ ಇಳಿಕೆ ಎಷ್ಟೆಂದು ತಿಳಿದಿರಲಿ. ಸೇರಿಸಿದ ಮೇಲೆ ಎರಡು ವಾರ ದಿನವೂ ಅಳೆದು ಹೊಸ ಇಳಿಕೆಗೆ ಡೋಸ್ ಹೊಂದಿಸಿ, ಆಮೇಲೇ ಮುಂದಿನ ಹವಳ. ಹವಳದಂತೆಯೇ ಸುಣ್ಣ ಕಟ್ಟುವ ಗುಲಾಬಿ ಬಣ್ಣದ ಕೋರಲೈನ್ ಪಾಚಿ ಕಲ್ಲು ತುಂಬಿಕೊಂಡಾಗಲೂ ಬಳಕೆ ಏರುತ್ತದೆ, ಅದನ್ನು ಹವಳದ ಬೆಳವಣಿಗೆ ಎಂದುಕೊಳ್ಳಬೇಡಿ. ಡೋಸ್ ಬದಲಿಸದೆಯೂ ಕೆಎಚ್ ಏರತೊಡಗಿದರೆ ಎಚ್ಚರ: ಹವಳ ಬೆಳೆಯುವುದನ್ನು ನಿಲ್ಲಿಸಿರಬಹುದು. ಅದರ ಬಣ್ಣ ಮಾಸುವ ಮೊದಲೇ ಈ ಸುಳಿವು ಸಿಗಬಹುದು. ತಕ್ಷಣ ಉಪ್ಪಿನಂಶ, ಉಷ್ಣತೆ, ಪೋಷಕಾಂಶ ನೋಡಿ, ಡೋಸ್ ತಗ್ಗಿಸಿ.

ಕೊರತೆಗಳೂ ಇವೆ. ಒಂದು ರೀಏಜೆಂಟ್ ಬಾಟಲಿ ಸುಮಾರು 25 ಸಲಕ್ಕೆ ಬರುತ್ತದೆ, ದಿನವೂ ಅಳೆದರೆ ತಿಂಗಳೂ ಆಗುವುದಿಲ್ಲ. ಮೇಲಿನ ಪರೀಕ್ಷೆಗೇ ಆರು ಸಲದ್ದು ಹೋಗುತ್ತದೆ. ಅಂಕಿಗಳನ್ನು ಮೀಟರು ನೆನಪಿಟ್ಟುಕೊಳ್ಳುವುದಿಲ್ಲ, ಪುಸ್ತಕದಲ್ಲಿ ಬರೆಯಬೇಕು. ಹಳೆಯ ಬಾಟಲಿಯಲ್ಲಿ ಎರಡು ಸಲಕ್ಕಾಗುವಷ್ಟು ಉಳಿದಿರುವಾಗಲೇ ಹೊಸದನ್ನು ತೆರೆದು, ಒಂದೇ ನೀರನ್ನು ಎರಡರಿಂದಲೂ ಅಳೆದು ವ್ಯತ್ಯಾಸವನ್ನು ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಬಾಟಲಿ ಬದಲಾದ್ದರಿಂದ ಜಿಗಿದ ಅಂಕಿಯನ್ನು ನಿಜವೆಂದುಕೊಂಡು ಡೋಸ್ ಬದಲಿಸಿಬಿಡುತ್ತೀರಿ. ಕೊಳ್ಳುವಾಗ ಡಬ್ಬಿಯ ಮೇಲೆ 772 ಎಂದೇ ಇರಲಿ, ಬೇರೆ ಚೆಕರ್‌ಗಳೂ ನೋಡಲು ಹೀಗೇ ಇವೆ. ರೀಏಜೆಂಟ್‌ನ ಅವಧಿ ಮುಗಿಯುವ ದಿನಾಂಕ ನೋಡಿ, ಜೊತೆಗೆ ಒಂದು ಹೆಚ್ಚುವರಿ ಗಾಜಿನ ಸೀಸೆ ತಂದಿಟ್ಟುಕೊಳ್ಳಿ.